ಚುಕ್ಕಿ ಹೇಂಟೆಯ ಮಾಯದ ಗಾಯ

ಕಿಷ್ಟಮ್ಮನ ಮನೆಯ ಕೋಳಿಗೂಡಿಗೆ ಬಾಗಿಲೇ ಇರಲಿಲ್ಲ. ಕಲ್ಲು ಪೇರಿಸಿ ಮಣ್ಣು ಮೆತ್ತಿದ ಗಟ್ಟಿ ಗೂಡು, ಮೇಲೆ ಫರಸಿಕಲ್ಲಿನ ಹಾಸು, ಎಲ್ಲ ಇತ್ತು, ಬಾಗಿಲೊಂದಿಲ್ಲ. ಕುರಿ ಕಾಯುವವರ ಮನೆಯಲ್ಲಿ ನಾಯಿ ಇರುವಾಗ ಗೂಡಿಗೆ ಬಾಗಿಲು ಯಾಕೆ ಎಂದು ಅದನ್ನು ಕಟ್ಟುವಾಗಲೇ ಅವಳ ಮಾವ ಹೇಳಿದ್ದನಂತೆ. ನಾಯಿ ಮೋತಿ ಗೂಡಿನ ಬಾಯಿಗೆ ಅಡ್ಡ ಮಲಗಿತೆಂದರೆ ಮುಂಗುಸಿಯೂ ಆ ಕಡೆ ಸುಳಿಯುತ್ತಿರಲಿಲ್ಲ. ಆದರೆ ಜೋಳದ ಸುಗ್ಗಿ ಮುಗಿದು ಗಂಡ ಆಶಪ್ಪ ಕುರಿ ಹೊಡೆದುಕೊಂಡು ಹೊರಟಾಗ ಮೋತಿಯೂ ಅವನ ಹಿಂದೆ ಹೊರಟುಬಿಡುತ್ತಿತ್ತು. ದಾಮರಗಿದ್ದದ ಪಕ್ಕದ ಆ ಸಣ್ಣ ಊರಿನಿಂದ ಮೇಯಿಸಿಕೊಂಡೇ ಹೋಗಿ, ಕೃಷ್ಣಾ ಹೊಳೆ ದಾಟಿ, ಗಟ್ಟು ಸೀಮೆಯಲ್ಲಿ ಬೇಸಿಗೆ ಕಳೆದು, ಮುಂಗಾರಿನ ಮೊದಲ ಮಳೆಗೆ ತಿರುಗಿ ಬರುವುದು ಅವನ ರೂಢಿ. ಅಲ್ಲಿಯವರೆಗೆ ಕಿಷ್ಟಮ್ಮ ಸಂಜೆಯಾದರೆ ಒಂದು ಹಲಗೆಗಲ್ಲನ್ನು ನೂಕಿ ಗೂಡಿನ ಬಾಯಿ ಮುಚ್ಚುತ್ತಿದ್ದಳು. ಹೇಗೂ ಬರುತ್ತಾನಲ್ಲ, ನಾಲ್ಕು ದಿನದ ಮಾತಿಗೆ ಬಾಗಿಲು ಮಾಡಿಸುವುದೇನು ಎಂದು ಕಾಲ ತಳ್ಳುತ್ತಿದ್ದಳು.

ಈ ವರ್ಷ ಅವನು ಬರಲಿಲ್ಲ. ಇನ್ನೇನು ತಿರುಗಿ ಹೊರಡಬೇಕು ಅನ್ನುವಾಗ ಜೊತೆಗಾರ ಮೈಲಾರಲಿಂಗ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಅವನನ್ನು ಗದ್ವಾಲದ ದವಾಖಾನೆಗೆ ಸೇರಿಸಿ ಊರಿಗೆ ಕಳಿಸುವಷ್ಟರಲ್ಲಿ ದಾರಿಯುದ್ದಕ್ಕೂ ಹೊಲಗಳ ಬಿತ್ತನೆ ಮುಗಿದಿತ್ತು. ಬಿತ್ತಿದ ಹೊಲಗಳ ನಡುವೆ ಮಂದೆ ಹಾಯಿಸಲು ಯಾವ ರೈತ ಬಿಟ್ಟಾನು? ಎರಡು ಮನೆಯ ಕುರಿಗಳನ್ನು ಒಬ್ಬನೇ ಕಾಯುತ್ತ, ಮತ್ತೆ ಹೊಲ ಬಯಲಾಗುವವರೆಗೆ ಆಶಪ್ಪ ಆ ದಡದಲ್ಲೇ ಉಳಿಯಬೇಕಾಯಿತು. ಕುರಿಹಟ್ಟಿಗೆ ಹೆಂಗಸರು ಹೋಗುವ ರೂಢಿ ಆ ಮನೆಯಲ್ಲಿರಲಿಲ್ಲ. ಹೋಗಬೇಡ ಎಂದವರಿಲ್ಲ, ಹೋಗು ಎಂದವರೂ ಇಲ್ಲ.

ಆಶಪ್ಪ ಮಾತಿನ ಮನುಷ್ಯನಲ್ಲ. ಕುರಿಗಳ ಜೊತೆ ಆಡುವ ಮಾತಿನಲ್ಲಿ ಕಾಲುಪಾಲನ್ನಾದರೂ ಹೆಂಡತಿಯ ಜೊತೆ ಆಡಿದ್ದರೆ ಅವಳು ಪುಣ್ಯವಂತೆ ಅನ್ನಬಹುದಿತ್ತು. ಸೋಮವಾರ ಸಂಜೆಗೊಮ್ಮೆ ಫೋನು ಮಾಡುತ್ತಿದ್ದ. ಮಳೆ ಬಂತಾ ಎಂದರೆ ಬಂತು, ಉಂಡಿಯಾ ಎಂದರೆ ಉಂಡೆ, ಇಡಲಾ ಎಂದರೆ ಇಡ್ರಿ. ಅಷ್ಟೇ. ಮನೆಯಲ್ಲಿ ಸಿಗ್ನಲ್ ಹಿಡಿಯದ ಕಾರಣ ಆ ಮೂರು ಮಾತಿಗಾಗಿ ಕಿಷ್ಟಮ್ಮ ಊರ ಹಿಂದಿನ ಗುಂಡುಕಲ್ಲು ಹತ್ತಿ ಕೂರುತ್ತಿದ್ದಳು. ನೆರೆಯ ಜಮ್ಮುಲಮ್ಮ, ‘ಹೊಸ ಮದುವಣಗಿತ್ತಿ ಹೊಂಟಳು’ ಎಂದು ಕಾಲೆಳೆಯುತ್ತಿದ್ದಳು. ಕಿಷ್ಟಮ್ಮ ನಕ್ಕು ಕಲ್ಲಿನ ಕಡೆ ನಡೆಯುತ್ತಿದ್ದಳು.

ಒಂದು ಸೋಮವಾರ ಫೋನು ಬರಲಿಲ್ಲ. ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಅವಳು ಕತ್ತಲು ಕವಿಯುವವರೆಗೆ ಕಲ್ಲಿನ ಮೇಲೇ ಕೂತಳು. ಕೋಳಿಗಳು ತಾವಾಗಿಯೇ ಗೂಡು ಸೇರಿದ್ದವು. ಹಲಗೆಗಲ್ಲು ನೂಕುವವರು ಯಾರೂ ಇರಲಿಲ್ಲ. ಕೂಗಾಟ ಕೇಳಿ ಅವಳು ಓಡಿ ಬರುವಷ್ಟರಲ್ಲಿ ಕಾಡುಬೆಕ್ಕು ಇನ್ನೂ ಮೊಟ್ಟೆಗೆ ಬರದ ಒಂದು ಪಟ್ಟೆಯನ್ನು ಹೊತ್ತು ಬೇಲಿ ದಾಟಿತ್ತು. ಚುಕ್ಕಿ ಹೇಂಟೆ ಮೂಲೆಯಲ್ಲಿ ರೆಕ್ಕೆ ಬಿಟ್ಟುಕೊಂಡು ಬಿದ್ದಿತ್ತು. ಬೆನ್ನಿನ ತೊಗಲು ಹರಿದು, ಉಳಿದ ಕೋಳಿಗಳು ಆಗಲೇ ಆ ರಕ್ತವನ್ನು ಕುಕ್ಕಲು ಶುರುಮಾಡಿದ್ದವು. ಫೋನಿಗೆ ಕಾದು ಕೋಳಿ ಕಳೆದೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಹೇಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಅದೇ ಕಲ್ಲಿಗೆ ಓಡಿ, ಮದುವೆಯಾದ ಮೇಲೆ ಮೊದಲ ಸಲ ಗಂಡನಿಗೆ ತಾನಾಗಿ ಫೋನು ಹಚ್ಚಿದಳು. ಯಾಕೆ ಫೋನು ಮಾಡಲಿಲ್ಲ ಎಂದು ಕೇಳಲು ಬಾಯಿ ಬರಲಿಲ್ಲ. ಕೋಳಿಯ ಸುದ್ದಿ ಹೇಳಿದಳು. ಆಗ ಆಶಪ್ಪ ಮಾತಾಡಿದ ನೋಡಿ! ಗಾಯವೆಂದರೆ ಅವನಿಗೆ ಗೊತ್ತಿರುವ ವಿಷಯ. ಮೊದಲು ಅದನ್ನು ಬೇರೆ ಕೋಳಿಗಳಿಂದ ದೂರ ಮಾಡು, ರಕ್ತ ಕಂಡರೆ ಒಡಹುಟ್ಟಿದವೂ ಬಿಡುವುದಿಲ್ಲ ಎಂದ. ಗಾಯದ ಸುತ್ತಲ ಪುಕ್ಕ ಕತ್ತರಿಸು, ಕಾಸಿ ಆರಿಸಿದ ಉಪ್ಪುನೀರಿನಿಂದ ತೊಳೆ, ಪುಕ್ಕದ ಅಡಿಯಲ್ಲಿ ಹಲ್ಲಿನ ತೂತುಗಳು ಅಡಗಿರುತ್ತವೆ, ಬೆರಳಾಡಿಸಿ ಹುಡುಕು, ಅರಿಶಿನ ಹಚ್ಚು, ಬುಟ್ಟಿಯ ಕೆಳಗೆ ಕತ್ತಲಲ್ಲಿ ಬೆಚ್ಚಗೆ ಕೂಡಿಸು, ಬೆಲ್ಲದ ನೀರು ಕುಡಿಸು. ಬೆಕ್ಕಿನ ಹಲ್ಲು ನಂಜು, ಬೆಳಿಗ್ಗೆ ನಾರಾಯಣಪೇಟೆಯ ದನದ ದವಾಖಾನೆಗೆ ಹೋಗಿ ಔಷಧಿ ತಾ ಎಂದ. ಇಷ್ಟು ಉದ್ದದ ಮಾತನ್ನು ಅವನ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ಹೇಂಟೆ ಮಡಿಲಲ್ಲಿ ನರಳುತ್ತಿದ್ದರೂ ಕಿಷ್ಟಮ್ಮನಿಗೆ ಆ ದನಿ ನಿಲ್ಲುವುದೇ ಬೇಡವಾಗಿತ್ತು.

ಮರುದಿನ ಮಧ್ಯಾಹ್ನ, ಕುರಿಗಳು ನೆರಳಿಗೆ ಒರಗುವ ಹೊತ್ತಿಗೆ, ಅವನೇ ಫೋನು ಮಾಡಿದ. ಅದರ ಮರುದಿನವೂ ಮಾಡಿದ. ನೀರು ಕುಡಿಯಿತಾ, ಕಾಲೂರಿತಾ, ನೊಣ ಕೂರದಂತೆ ಬೇವಿನೆಣ್ಣೆ ಹಚ್ಚಿದಿಯಾ ಎಂದು ಒಂದೊಂದಾಗಿ ಕೇಳುತ್ತಿದ್ದ. ಗೂಡಿಗೆ ಬಾಗಿಲು ಮಾಡಿಸು ಎಂದ. ತೆಳ್ಳನೆಯ ಬಲೆ ಬೇಡ, ಬೆಕ್ಕು ಹರಿಯುತ್ತದೆ, ದಪ್ಪ ತಂತಿಯ ಜಾಲರಿ ಹೊಡೆಸು, ಬುಡದಲ್ಲಿ ಕೆರೆಯದಂತೆ ಕಲ್ಲು ಹೂಳು ಎಂದ. ಅವಳು ಎಲ್ಲವನ್ನೂ ಮಾಡಿದಳು. ದವಾಖಾನೆಯ ಗುಳಿಗೆಯನ್ನು ನೀರಲ್ಲಿ ಅರೆದು ಹನಿಹನಿಯಾಗಿ ಕೊಕ್ಕಿಗೆ ಬಿಟ್ಟಳು. ಹೇಂಟೆ ಕಣ್ಣು ಬಿಟ್ಟಿತು, ನುಚ್ಚು ತಿಂದಿತು, ಗಾಯದ ಮೇಲೆ ಹೊಸ ತೊಗಲು ಕೂಡಿ ಸಣ್ಣ ಪುಕ್ಕಗಳು ಚಿಗುರಿದವು. ಒಂದು ದಿನ ಬುಟ್ಟಿ ಎತ್ತಿದಾಗ ಅಂಗಳಕ್ಕೆ ಹಾರಿ ಹೋಗಿ ಕೆದರತೊಡಗಿತು.

ಕಿಷ್ಟಮ್ಮನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಗಾಯ ಮಾಯಿತು ಎಂದರೆ ನಾಳೆಯಿಂದ ಮತ್ತೆ ಮಳೆ ಬಂತಾ, ಉಂಡಿಯಾ, ಇಡಲಾ. ಮಧ್ಯಾಹ್ನ ಕಲ್ಲು ಹತ್ತಿ ಕೂತವಳನ್ನು ಅವನು ಫೋನಿನಲ್ಲಿ ಹೇಂಟೆ ಹೇಗಿದೆ ಎಂದು ಕೇಳಿದಾಗ, ಗಾಯ ಇನ್ನೂ ಹಸಿಯಾಗಿಯೇ ಇದೆ ಎಂದುಬಿಟ್ಟಳು. ಒಂದು ಸುಳ್ಳು ಇನ್ನೊಂದನ್ನು ಹೆತ್ತಿತು. ಕೀವು ಬಂತು, ಆಮೇಲೆ ಹುಳು ಬಿತ್ತು. ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಕಾಡುಬೆಕ್ಕು ದಿನಾ ಬಂದು ಬಾಗಿಲು ಕೆರೆಯುತ್ತದೆ, ಒಬ್ಬಳೇ ಇರಲು ನನಗೆ ಭಯ ಎಂದೂ ಸೇರಿಸಿದಳು. ಅದರಲ್ಲಿ ಒಬ್ಬಳೇ ಅನ್ನುವುದೊಂದೇ ನಿಜವಾಗಿತ್ತು. ಅವಳು ಹಾಗೆ ಸುಳ್ಳು ಹೇಳುತ್ತಿದ್ದ ಹೊತ್ತಿಗೆ ಚುಕ್ಕಿ ಹೇಂಟೆ ಮನೆಯಲ್ಲಿ ಮೊಟ್ಟೆಯಿಟ್ಟು ಊರಿಗೆಲ್ಲ ಸಾರುತ್ತಿತ್ತು.

ಮುಂದಿನ ಸಂತೆಯ ಹೊತ್ತಿಗೆ ಗಟ್ಟು ಕಡೆಯ ಹಂಪಣ್ಣನ ಟ್ರಾಲಿ ಆಟೋ ಮನೆಯ ಮುಂದೆ ನಿಂತಿತು. ನಾರಾಯಣಪೇಟೆ ಸಂತೆಗೆ ಕುರಿ ತಂದವನು. ಹಿಂದಿನಿಂದ ಮೋತಿ ಜಿಗಿದು ಬಂದು ಕಿಷ್ಟಮ್ಮನ ಕಾಲು ಸುತ್ತಿತು. ನಿನ್ನ ಹೆದರಿಕೆಗೆ ಆಶಪ್ಪ ನಾಯಿ ಕಳಿಸಿದ್ದಾನೆ ಎಂದು ಹಂಪಣ್ಣ ಹೇಳಿದ. ನಾಳೆ ತಿರುಗಿ ಹೋಗುವವನಿದ್ದೇನೆ, ಕಳಿಸುವುದೇನಾದರೂ ಇದ್ದರೆ ತೆಗೆದಿಡು ಎಂದೂ ಹೇಳಿ ಸಂತೆಗೆ ಹೋದ.

ಮೋತಿ ಹಳೆಯ ರೂಢಿಯಂತೆ ಗೂಡಿನ ಮುಂದೆ ಅಡ್ಡ ಮಲಗಿತು. ಅದನ್ನು ನೋಡಿದ ಮೇಲೆ ಕಿಷ್ಟಮ್ಮನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಇಲ್ಲಿ ಗಟ್ಟಿ ಬಾಗಿಲಿದೆ, ಜಾಲರಿ ಇದೆ, ಗಾಯ ಮಾಯ್ದ ಹೇಂಟೆ ಇದೆ. ಅಲ್ಲಿ ಬಯಲಿನಲ್ಲಿ ಎರಡು ಮನೆಯ ಕುರಿಗಳಿಗೆ ಇದ್ದ ಕಾವಲು ಇದೊಂದೇ. ಗಟ್ಟು ಕಡೆಯ ಗುಡ್ಡಗಳಲ್ಲಿ ತೋಳ ಇದೆ ಎಂದು ಆಶಪ್ಪನೇ ಹೇಳುತ್ತಿದ್ದ. ಗಂಡನ ದನಿ ಕೇಳುವ ಆಸೆಗೆ ಅವನ ಮಂದೆಯ ಕಾವಲನ್ನೇ ಕಿತ್ತು ತರಿಸಿಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಾಯಿಯನ್ನು ಹಂಪಣ್ಣನ ಕೈಗೆ ಕೊಟ್ಟು ಕಳಿಸಿದರೆ ಮುಗಿಯುತ್ತಿತ್ತು. ಆದರೆ ಆ ಸುಳ್ಳನ್ನು ಫೋನಿನಲ್ಲಿ ಒಪ್ಪಿಕೊಳ್ಳಲಾಗಲಿ, ಹಂಪಣ್ಣನ ಬಾಯಲ್ಲಿ ಬಿಡಿಸಿ ಹೇಳಿಸಲಾಗಲಿ ಅವಳಿಗೆ ಮನಸ್ಸಾಗಲಿಲ್ಲ. ಕೋಳಿಗಳನ್ನು ಜಮ್ಮುಲಮ್ಮನಿಗೆ ಒಪ್ಪಿಸಿ, ರೊಟ್ಟಿ ಬುತ್ತಿ ಕಟ್ಟಿ, ಮರುದಿನ ಮೋತಿಯ ಜೊತೆ ತಾನೂ ಆಟೋ ಹತ್ತಿದಳು.

ಮಕ್ತಲ್ ದಾಟಿತು, ಹೊಳೆ ದಾಟಿತು, ಗದ್ವಾಲವೂ ಹಿಂದಾಯಿತು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಹೊಂದಿಸಿಕೊಂಡಳು. ಬೈದರೆ ಬೈಸಿಕೊಳ್ಳುವುದು, ಒಂದು ಗಳಿಗೆ ಕಣ್ತುಂಬ ನೋಡುವುದು, ತಿರುಗಿ ಬರುವುದು. ಅಷ್ಟು ಸಿಕ್ಕರೆ ಸಾಕಾಗಿತ್ತು ಅವಳಿಗೆ.

ಹಟ್ಟಿ ಹೊಲಗಳಾಚೆಯ ಗುಡ್ಡದ ಬುಡದಲ್ಲಿತ್ತು. ಆಶಪ್ಪ ಒಂದು ಎಳೆಯ ಕುರಿಯನ್ನು ಮೊಣಕಾಲಿನ ಅಡಿಗೆ ಒತ್ತಿ ಹಿಡಿದು, ಅದರ ತೊಡೆಯ ಗಾಯವನ್ನು ಉಪ್ಪುನೀರಿನಿಂದ ತೊಳೆಯುತ್ತಿದ್ದ. ಒಂದೇ ಕೈಯಲ್ಲಿ ಆಗುತ್ತಿರಲಿಲ್ಲ. ಅವಳನ್ನು ಕಂಡು ಕೈ ನಿಲ್ಲಿಸಿದ; ಬಾ ಎನ್ನಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ತೆಳ್ಳಗಾಗಿದ್ದ, ಗಡ್ಡದಲ್ಲಿ ಬಿಳಿ ಹೆಚ್ಚಿತ್ತು. ಅವಳು ಬುತ್ತಿ ಕೆಳಗಿಟ್ಟು ಕೂತು ಕುರಿಯ ಕಾಲುಗಳನ್ನು ಗಟ್ಟಿಯಾಗಿ ಹಿಡಿದಳು. ಹಿಂದಿನ ರಾತ್ರಿ ತೋಳ ಬಂದಿತ್ತು ಎಂದು ಅವನು ಹೇಳಿದ. ಅವಳು ದಾರಿಯಲ್ಲಿ ಹೊಂದಿಸಿಕೊಂಡ ಮಾತೆಲ್ಲ ಎಲ್ಲೋ ಹೋಯಿತು.

‘ಕೋಳಿ ಯಾವಾಗೋ ಆರಾಮಾಗೈತ್ರಿ,’ ಎಂದಳು. ‘ಬೆಕ್ಕೂ ಮತ್ತ ಬಂದಿಲ್ಲ. ನಾ ಸುಳ್ಳು ಹೇಳಿದ್ದೆ.’

ಆಶಪ್ಪ ತಲೆ ಎತ್ತದೆ ಅರಿಶಿನ ಮೆತ್ತಿದ. ‘ಗೊತ್ತೈತಿ. ಹುಳ ಬಿದ್ದ ಗಾಯ ಇಷ್ಟು ದಿನ ಇರಂಗಿಲ್ಲ. ಒಂದಾ ಮಾಯ್ತೈತಿ, ಇಲ್ಲಾ ಜೀವ ಹೋಗ್ತೈತಿ.’

‘ಗೊತ್ತಿದ್ದೂ ನಾಯಿ ಯಾಕ ಕಳಿಸಿದ್ರಿ?’

ಅವನು ಬಟ್ಟೆ ಹಿಂಡಿದ. ಹಿಂಡಿದ್ದನ್ನೇ ಮತ್ತೆ ಹಿಂಡಿದ.

‘ನೀನೇ ಅದನ್ನ ತಿರುಗಿ ಕರಕೊಂಡು ಬರ್ತಿ ಅಂದ್ಕೊಂಡೆ.’

ಕಿಷ್ಟಮ್ಮನಿಗೆ ಸಿಟ್ಟು ಬಂತು. ಮಡಿಲಲ್ಲಿ ಕುರಿ ನೋವಿಗೆ ನಡುಗುತ್ತಿತ್ತು, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

‘ಕುರಿ ತೋಳದ ಬಾಯಿಗೆ ಕೊಡೂದಕ್ಕಿಂತ, ಬಾಯಿಬಿಟ್ಟು ಬಾ ಅಂದಿದ್ರ ನಾ ಬರ್ತಿದ್ದಿಲ್ಲೇನ್ರೀ?’

ಆಶಪ್ಪ ಆಗ ಅವಳ ಮುಖ ನೋಡಿದ.

‘ನೀ ಅಂದಿಯೇನು ನನಗ, ಬಾ ಅಂತ?’