ಒಂದು ಫರಸಿಯ ಜಾಗ

"ಛತ್ತಿನಾಗ ಇದೇನಪ್ಪ ಕಿಂಡಿ?"

ಊರ ಪುರಸಭೆ ಬಲದಿಯಾದ ಓವರ್‌ಸಿಯರ್ ಅಬ್ದುಲ್ ಕರೀಮ್ ಸಾಹೇಬರು ಮಾಣಿಕಪ್ಪನ ಹೊಸ ಮನೆಯ ನಡುವೆ ಕತ್ತೆತ್ತಿ ನಿಂತುಬಿಟ್ಟರು. ಗೋಡೆ ನೋಡಿದ್ದರು, ಬಾಗಿಲು ನೋಡಿದ್ದರು, ಮೋರಿಗೆ ಒಂದು ತಂಬಿಗೆ ನೀರು ಸುರಿಸಿ ಅದು ಹರಿಯುವುದನ್ನೂ ನೋಡಿದ್ದರು. ಇನ್ನು ಮನೆಯಲ್ಲಿ ಇರಬಹುದೆಂಬ ಕಾಗದಕ್ಕೆ ಸಹಿ, ಮೊಹರು ಬೀಳುವುದೊಂದೇ ಉಳಿದಿತ್ತು.

ಕಿಂಡಿಯಲ್ಲ ಅದು, ಛಾವಣಿಗೆ ಹಾಸುವ ಒಂದು ಫರಸಿಯ, ಕಲ್ಲುಚಪ್ಪಡಿಯ ಜಾಗ. ಮೊಳದಗಲ, ಆಳುದ್ದ. ಶಹಾಬಾದಿನ ಕಲ್ಲುಗಣಿಯಲ್ಲಿ ಹದಿನೈದು ವರ್ಷ ಬಂಡೆ ಸೀಳಿದವನಿಗೆ ತನ್ನ ಒಂದಂಕಣದ ಮನೆಗೆ ಕಲ್ಲು ಸಾಲದೆ ಹೋಗಿರಲಿಲ್ಲ. ಹೆಂಡತಿ ಸಾಬಮ್ಮ ಬಸುರಿಯಾಗಿರುವಾಗ ಮಾಳಿಗೆ ಪೂರ್ತಿ ಮುಚ್ಚಬಾರದು, ಮುಚ್ಚಿದರೆ ಕೂಸು ಹೊರಬರುವ ದಾರಿಯೇ ಮುಚ್ಚುತ್ತದೆ ಎಂದು ಅವನ ತಾಯಿ ಯಂಕಮ್ಮ ಹಟ ಹಿಡಿದಿದ್ದಳು. ನಗುವವರು ನಗಲಿ. ಸಾಬಮ್ಮನ ಎರಡು ಕೂಸು ಅಳದೆ ಹುಟ್ಟಿ, ಅಳದೆ ಮಣ್ಣಿಗೆ ಹೋಗಿದ್ದವು. ಅಂಥ ಮನೆಯವರಿಗೆ ಇದರಲ್ಲಿ ನಗು ಬರುವುದಿಲ್ಲ.

"ಹೆರಿಗಿ ಆದ ಮರುದಿನಾನೇ ಹಾಕ್ತೀನ್ರಿ ಸಾಹೇಬ್ರ. ಫರಸಿ ತಯಾರದ, ಗ್ವಾಡಿಗಿ ಆನಿಸಿ ಇಟ್ಟೀನಿ ನೋಡ್ರಿ."

"ಹಂಗಾದ್ರ ಹೆರಿಗಿ ಆದ ಮ್ಯಾಲೇ ನನ್ನ ಕರಿ." ಕರೀಮ್ ಸಾಹೇಬರು ಕೆಟ್ಟವರಲ್ಲ, ದನಿ ಕೂಡ ಏರಿಸಲಿಲ್ಲ. "ಹ್ವಾದ ಮಳಿಗಾಲದಾಗ ಅರ್ಧಾ ಹಾಕಿದ ಮಾಳಿಗಿ ಬಿದ್ದು ಮೂರು ಮಂದಿ ಸತ್ರು. ಛತ್ತು ಪೂರಾ ಇಲ್ಲದ ಮನ್ಯಾಗ ಒಲಿ ಹಚ್ಚಿದ್ರ ಬೀಗ ಜಡೀಬೇಕಂತ ಹುಕುಂ ಅದ. ನಾ ಸುಳ್ಳು ಬರೀಲೇನು?"

"ಮತ್ತ ಯಾವಾಗ ಬರ್ತೀರ್ರಿ?"

"ನಾಳಿ ಚಿತ್ತಾಪುರ, ಆಮ್ಯಾಲ ಸೇಡಂ. ಒಂದು ತಿಂಗಳನ್ನು."

ತಿಂಗಳು! ಗಣಿಯವರು ಹೊಸ ಗುಂಡಿ ತೋಡಬೇಕೆಂದು ಕೂಲಿಗಳ ಗುಡಿಸಲ ಸಾಲನ್ನು ಅವತ್ತು ಬೆಳಗ್ಗೆಯೇ ಕೆಡವಿದ್ದರು. ಮಾಣಿಕಪ್ಪನ ಗಂಟುಮೂಟೆಯೂ ದಿನ ತುಂಬಿದ ಸಾಬಮ್ಮನೂ ಹೊಸ ಮನೆಯೆದುರಿನ ಬೇವಿನ ಬುಡದಲ್ಲಿದ್ದರು. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಅವನು ಸಾಹೇಬರ ಕಾಲಿಗೆ ಬೀಳಹೋದ.

ಅವರು ಹಿಂದೆ ಸರಿದರು. "ಏಳು, ಏಳು. ಬಾಜೂ ಓಣ್ಯಾಗ ಇನ್ನೊಂದು ಮನಿ ನೋಡಿ ತಾಸಿನ್ಯಾಗ ಹೊಳ್ಳಿ ಬರ್ತೀನಿ. ಅಷ್ಟ್ರಾಗ ಹಾಕಿದ್ರ ಸಹಿ ಮಾಡ್ತೀನಿ. ಇದಕ್ಕಿಂತ ಹೆಚ್ಚು ನನ್ನ ಕೈಲೆ ಆಗಂಗಿಲ್ಲ."

ಅವರು ಹೋದದ್ದೇ ತಡ, ಯಂಕಮ್ಮ ಆನಿಸಿಟ್ಟ ಫರಸಿಗೆ ಬೆನ್ನು ಕೊಟ್ಟು ಕುಳಿತಳು. "ಎರಡು ಕೂಸು ಹೂಳಿ ಬಂದಾವ ಈ ಕೈ. ಮೂರನೇದೂ ಹೂಳಬೇಕಂತಿ ಏನು?"

ತಾಯಿಯ ಮಾತು ಸುಳ್ಳೆನ್ನಲು ಮಾಣಿಕಪ್ಪನಿಗೇ ಧೈರ್ಯವಿರಲಿಲ್ಲ.

"ಬೈಲಾಗ ಹಡೀಲೇನ್ರಿ ಅತ್ತಿ?" ಸಾಬಮ್ಮ ಕುಳಿತಲ್ಲಿಂದಲೇ ಕೇಳಿದಳು. "ಮಳಿ ಬರಾಕತ್ತದ. ಹಾಕ್ಲಿ ಬಿಡ್ರಿ."

ಮುದುಕಿ ಎದ್ದಳು, ಆದರೆ ಮೋರೆ ಆಚೆ ತಿರುಗಿಸಿಕೊಂಡಳು. ಪಕ್ಕದ ಮನೆಯ ಗೌಂಡಿ ಗುಲಾಮ್ ರಸೂಲ್ ಹಗ್ಗ ತಂದ. ಇಬ್ಬರೂ ಸೇರಿ ಫರಸಿಯನ್ನು ಮೇಲಕ್ಕೆಳೆದು, ಗಾರೆ ಮೆತ್ತಿ ಕೂರಿಸಿದರು. ಒಳಗೆ ಗಕ್ಕನೆ ಕತ್ತಲೆಯಾಯಿತು. ಹೇಳಿದಂತೆ ತಾಸಿಗೆ ಬಂದ ಕರೀಮ್ ಸಾಹೇಬರು ಕತ್ತೆತ್ತಿ ನೋಡಿ, ಬಾಗಿಲ ಬಳಿ ನಿಂತೇ ಸಹಿ ಹಾಕಿ, ಮೊಹರೊತ್ತಿ, "ಮುಬಾರಕ್" ಅಂದರು. ಆರು ತಿಂಗಳು ಅಲೆದು ಅಲೆದು ಸಿಕ್ಕ ಕಾಗದ ಕೈಯಲ್ಲಿದ್ದರೂ ಮಾಣಿಕಪ್ಪನಿಗೆ ಖುಷಿಯೆಂಬುದು ಹತ್ತಿರವೂ ಸುಳಿಯಲಿಲ್ಲ.

ಸಾಹೇಬರು ಓಣಿ ದಾಟುವಷ್ಟರಲ್ಲಿ ಸಾಬಮ್ಮನಿಗೆ ಬೇನೆ ಬಂತು. ಯಂಕಮ್ಮ ಅವಳನ್ನು ಒಳಗೆ ಕರೆದೊಯ್ದು ಬಾಗಿಲಿಕ್ಕಿಕೊಂಡಳು. ಗುಲಾಮ್ ರಸೂಲ್ ಸೂಲಗಿತ್ತಿಯನ್ನು ಕರೆತರಲು ಓಡಿದ. ಮಾಣಿಕಪ್ಪ ಹೊರಗೆ ಕೂತ. ಬೇನೆ ಏರಿತು, ಇಳಿಯಿತು, ಮತ್ತೆ ಏರಿತು. ಸೂಲಗಿತ್ತಿಯ ಸುಳಿವಿಲ್ಲ. ಹನಿ ಬೀಳತೊಡಗಿತು. ಆಮೇಲೆ ಒಳಗಿನಿಂದ ತಾಯಿಯ ಚೀರು ಕೇಳಿತು.

"ಮಾಣಿಕ್ಯಾ! ಕೂಸು ಸಿಕ್ಕೊಂಡದ. ಕಲ್ಲು ತಗಿಯೋ, ನಿನ್ನ ಕಾಲಿಗಿ ಬೀಳ್ತೀನಿ, ತಗಿ!"

ಅವನು ಹಾರೆ ಹಿಡಿದು ಏಣಿ ಹತ್ತಿದ. ಬೀಗ ಜಡಿದರೆ ಜಡಿಯಲಿ. ಹಸಿ ಗಾರೆಯ ಅಂಚಿಗೆ ಹಾರೆ ತೂರಿಸಿ ಮೈಭಾರವನ್ನೆಲ್ಲ ಹಾಕಿ ಮೀಟಿದ. ಇಬ್ಬರು ಎಳೆದ ಕಲ್ಲು ಒಬ್ಬನಿಗೆ ಜಗ್ಗಲಿಲ್ಲ. ಎರಡನೇ ಸಲ ಅಂಗೈ ಸಿಪ್ಪೆ ಸುಲಿಯಿತು. ಮೂರನೇ ಸಲಕ್ಕೆ ಫರಸಿ ಒಂದು ಗೇಣು ಸರಿಯಿತು.

ಆಗ ಮಳೆ ಜೋರಾಗಿ ಹಿಡಿಯಿತು. ಅವನು ಬಿಡಿಸಿದ ಸಂದಿನಿಂದ ನೀರು ಧಾರೆಯಾಗಿ ಒಳಗೆ, ಸಾಬಮ್ಮನ ಮೈಮೇಲೆಯೇ ಇಳಿಯತೊಡಗಿತು. ಮತ್ತೆ ಮುಚ್ಚುವಂತಿಲ್ಲ, ತೆರೆದಿಡುವಂತಿಲ್ಲ. ಹೊದಿಸಲು ಇದ್ದ ಒಂದೇ ಕಂಬಳಿ ಕೆಳಗೆ ಅವಳಡಿಯಲ್ಲಿತ್ತು. ಗಂಡಸು ಇಣುಕಬಾರದ ಹೊತ್ತು. ಮಾಣಿಕಪ್ಪ ಕಣ್ಣುಮುಚ್ಚಿಕೊಂಡು ಆ ಸಂದಿನುದ್ದಕ್ಕೂ ಅಂಗಾತ ಮಲಗಿಬಿಟ್ಟ.

"ಮತ್ತ್ಯಾಕ ಮುಚ್ಚಿದ್ಯೋ ಕಲ್ಲ?" ಕೆಳಗೆ ಯಂಕಮ್ಮ ಅತ್ತಳು.

"ಕಲ್ಲಲ್ಲವ್ವಾ, ನಾನು."

ಹನಿಗಳು ಮುಖಕ್ಕೆ ಬಡಿಯುತ್ತಿದ್ದವು. ಬೆನ್ನಿಗೆ ಮಾತ್ರ ಒಳಗಿನ ಬಿಸಿ ತಾಗುತ್ತಿತ್ತು. ಸಾಬಮ್ಮನ ನರಳಾಟ ಒಮ್ಮೆಲೇ ನಿಂತುಹೋಯಿತು. ಎಷ್ಟೋ ಹೊತ್ತು ಮಳೆಯ ಸದ್ದಲ್ಲದೆ ಬೇರೇನೂ ಇರಲಿಲ್ಲ.

ಆಮೇಲೆ ಕೂಸು ಅತ್ತಿತು. ಬೆನ್ನ ಕೆಳಗೇ ಅತ್ತಿತು.

ಮಾಣಿಕಪ್ಪ ಏಳಲಿಲ್ಲ. ಮಳೆ ಇನ್ನೂ ನಿಂತಿರಲಿಲ್ಲ.