ಕೊಂಡಪಲ್ಲಿ ಸೇರಿದ ನಂಬರು

“ಹೇಳೋದಿಲ್ಲ ಅಂದ್ರೆ ಹೇಳೋದಿಲ್ಲಮ್ಮಾ. ಬೆಳಗಿನಿಂದ ನಿಮಗೆ ಇದು ಮೂರನೇ ಸಲ ಹೇಳ್ತಿರೋದು,” ಎಂದಳು ಆ ಕಡೆಯ ಹೆಂಗಸು, ಖಡಕ್ ತೆಲುಗಿನಲ್ಲಿ. “ಇನ್ನೊಂದು ಸಲ ಫೋನ್ ಮಾಡಿದ್ರೆ ಈ ಸಿಮ್ಮನ್ನೇ ಕಿತ್ತು ಒಲೆಗೆ ಹಾಕ್ತೀನಿ.”

ಕಮಲಾಕ್ಷಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಒಲೆಗೆ ಬೀಳುವುದು ಬರೀ ಸಿಮ್ಮಾಗಿರಲಿಲ್ಲ. ನೂರಾ ಅರವತ್ತಮೂರು ಹೆಂಗಸರ ದನಿ ಅದರ ಜೊತೆಗೇ ಹೋಗುತ್ತಿತ್ತು. ವಿಶಾಖಪಟ್ಟಣದ ಮನೆಯ ಬಾಲ್ಕನಿಯಲ್ಲಿ ನಿಂತು ಅವಳು ತನ್ನ ಧಾರವಾಡದ ಎಳೆತ ಬೆರೆತ ತೆಲುಗಿನಲ್ಲಿ ಮತ್ತೆ ಗೋಗರೆದಳು. ತಾನು ಮೋಸಗಾತಿಯಲ್ಲ, ಬ್ಯಾಂಕ್ ಅಧಿಕಾರಿಯ ಹೆಂಡತಿ, ಆರಂಕಿಯ ಒಂದು ಕೋಡು ಹೇಳಿಬಿಟ್ಟರೆ ಜನ್ಮದಲ್ಲಿ ಮರೆಯುವುದಿಲ್ಲ ಎಂದಳು. ಕೊನೆಗೆ ಅಳುವೂ ಬಂತು.

“ಹಿಂದೆ ಮಾಡಿದವನೂ ಬ್ಯಾಂಕಿನವನೇ ಅಂದಿದ್ದ. ಅವನೂ ಹೀಗೇ ಮೆತ್ತಗೆ ಮಾತಾಡ್ತಿದ್ದ,” ಎಂದಳು ಆಕೆ. “ನಿಜವಾದ ಮನುಷ್ಯಳಾದ್ರೆ ಕೊಂಡಪಲ್ಲಿಗೆ ಬಂದು ನನ್ನ ಮುಖದ ಮುಂದೆ ನಿಂತು ಕೇಳಿ. ಗೊಂಬೆಗೆ ಬಣ್ಣ ಹಾಕೋ ಕೋಟೇಶ್ವರಮ್ಮ ಅಂದ್ರೆ ಯಾರಾದ್ರೂ ದಾರಿ ತೋರಿಸ್ತಾರೆ.” ಫೋನು ಕಟ್ ಆಯಿತು.

ಕೋಟೇಶ್ವರಮ್ಮನ ಕೈಯಲ್ಲಿದ್ದದ್ದು ಆರು ವರ್ಷದ ಹಿಂದೆ ಕಮಲಾಕ್ಷಿಯದೇ ಆಗಿದ್ದ ನಂಬರು. ವಿಜಯವಾಡದ ಪಟಮಟದಲ್ಲಿ ಇದ್ದ ನಾಲ್ಕು ವರ್ಷ ಅದೇ ನಂಬರು. ಆಮೇಲೆ ಗಂಡ ಅಶ್ವತ್ಥನಿಗೆ ಬಳ್ಳಾರಿಗೆ ವರ್ಗವಾಯಿತು, ಅಲ್ಲೊಂದು ಸಿಮ್ಮು. ಈಗ ವಿಶಾಖಪಟ್ಟಣ, ಇಲ್ಲೊಂದು. ವರ್ಗವಾಗುವ ಬ್ಯಾಂಕಿನವರ ಮನೆಗಳಲ್ಲಿ ಇದು ವಾಡಿಕೆ: ಗ್ಯಾಸ್ ಸಿಲಿಂಡರ್ ಒಪ್ಪಿಸಿ ಬರುವುದು, ಮಕ್ಕಳ ಟಿ.ಸಿ. ಇಸಿದುಕೊಳ್ಳುವುದು, ಹಾಲಿನವನಿಗೆ ಹೇಳುವುದು, ಹಳೆಯ ಸಿಮ್ಮನ್ನು ಡ್ರಾಯರಿನಲ್ಲಿ ಗುಂಡುಪಿನ್ನಿನ ಡಬ್ಬಿಯೊಳಗೆ ಹಾಕಿ ಮರೆಯುವುದು. ರೀಚಾರ್ಜ್ ಕಾಣದ ನಂಬರನ್ನು ಕಂಪನಿಯವರು ಸುಮ್ಮನೆ ಇಟ್ಟುಕೊಳ್ಳುತ್ತಾರೆಯೇ? ತಿರುಗಿ ಮಾರಿದ್ದರು. ಆದರೆ ಫೋನಿನ ಫೋಟೋ, ದನಿಗಳನ್ನೆಲ್ಲ ಕಾಪಿಡುವ ಕಮಲಾಕ್ಷಿಯ ಆನ್‌ಲೈನ್ ಖಾತೆಗೆ ಮಾತ್ರ ಆ ಸುದ್ದಿಯೇ ಮುಟ್ಟಿರಲಿಲ್ಲ. ಅದು ಈಗಲೂ ಅವಳು ಪಟಮಟದಲ್ಲೇ ಇದ್ದಾಳೆಂದು ನಂಬಿಕೊಂಡಿತ್ತು.

ಆ ಖಾತೆಯೊಳಗೆ ಅವಳ ಒಂಬತ್ತು ವರ್ಷದ ಕೆಲಸವಿತ್ತು. ಕೆಲಸ ಅನ್ನುವುದು ಅವಳ ಮಾತು, ಅಶ್ವತ್ಥ ಅದನ್ನು ಹರಟೆ ಅನ್ನುತ್ತಿದ್ದ. ಮದುವೆಯಾಗಿ ತೆಲುಗು ಮನೆಗಳಿಗೆ ಬಂದು ನೆಲೆನಿಂತ ಕನ್ನಡದ ಹೆಂಗಸರನ್ನು ಹುಡುಕಿಕೊಂಡು ಹೋಗಿ, ಅಡುಗೆಮನೆಯಲ್ಲಿ ಅವರ ಪಕ್ಕ ಕೂತು, ಅವರು ಸೊಪ್ಪು ಬಿಡಿಸುತ್ತ ಆಡಿದ ಮಾತನ್ನೆಲ್ಲ ಫೋನಿನಲ್ಲಿ ಹಿಡಿದು ಆ ಖಾತೆಗೆ ಸೇರಿಸಿಡುತ್ತಿದ್ದಳು. ಆ ಫೋನು ಹೋದ ತಿಂಗಳು ಋಷಿಕೊಂಡದ ಬೀಚಿನಲ್ಲಿ ಅಲೆಗೆ ಸಿಕ್ಕಿ ಸತ್ತಿತು. ಹೊಸ ಫೋನಿನಲ್ಲಿ ಪಾಸ್‌ವರ್ಡ್ ಸರಿಯಾಗಿಯೇ ಹಾಕಿದಳು. ಖಾತೆಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಇದು ಗುರುತಿಲ್ಲದ ಫೋನು, ನಿಮ್ಮ ನಂಬರಿಗೆ ಕೋಡು ಕಳಿಸಿದ್ದೇವೆ ಎಂದಿತು. ಕೋಡು ಕೊಂಡಪಲ್ಲಿಗೆ ಹೋಗಿ ಕೂತಿತು.

ಕೊಂಡಪಲ್ಲಿಗೆ ಹೊರಟೆ ಎಂದಾಗ ಅಶ್ವತ್ಥ ಇಡ್ಲಿ ಮುರಿಯುವುದನ್ನು ನಿಲ್ಲಿಸಿದ.

“ಏನ್ ಹುಚ್ಚು ಹಿಡದದ ನಿನಗ? ನಾ ಬ್ಯಾಂಕಿನ್ಯಾಗ ದಿನಾ ಹೇಳ್ತೀನಿ, ಕೋಡ್ ಯಾರಿಗೂ ಕೊಡಬ್ಯಾಡ್ರಿ ಅಂತ. ಗ್ವಾಡೀ ಮ್ಯಾಲೆ ಬೋರ್ಡ್ ಹಚ್ಚಿಸೀನಿ. ನನ್ನ ಹೆಂಡ್ತಿ ಹೋಗಿ ಮಂದೀ ಕಡೆ ಅದನ್ನ ಬೇಡತಾಳ! ಹೊಸಾ ಖಾತೆ ತಗದರ ಆತಿಲ್ಲೋ?”

“ಖಾತೆ ಹೊಸಾದು ಸಿಗತದರಿ. ಅದರಾಗಿನ ಮಂದಿ ಸಿಗತಾರೇನು? ಹನ್ನೆರಡು ಮಂದಿ ತೀರಿಕೊಂಡಾರ.”

ಅಶ್ವತ್ಥ ಚಟ್ನಿ ಬಡಿಸಿಕೊಂಡ.

ಈ ತಿಂಗಳಿಡೀ ಕಮಲಾಕ್ಷಿ ಕೈಕಟ್ಟಿ ಕೂತವಳಲ್ಲ. ಬಿ.ಎ. ಮೊದಲ ವರ್ಷಕ್ಕೇ ಓದು ನಿಲ್ಲಿಸಿದ್ದ ಅವಳು ಮಗಳ ಹಳೆಯ ನೋಟುಬುಕ್ಕೊಂದನ್ನು ಹಿಡಿದು, ಪರದೆಯ ಮೇಲೆ ಎದುರಾದ ಒಂದೊಂದು ಪದವನ್ನೂ ಬಿಡದೆ ಬೆನ್ನುಹತ್ತಿದ್ದಳು. ಎರಡು ಹಂತದ ಪರಿಶೀಲನೆ: ಒಂದು ಕೀಲಿ ನನಗೆ ಗೊತ್ತಿರುವುದು, ಇನ್ನೊಂದು ನನ್ನ ಕೈಯಲ್ಲಿರುವುದು, ಎರಡೂ ಕೂಡಿದರೇ ಬಾಗಿಲು. ಎನ್‌ಕ್ರಿಪ್ಷನ್: ಅಂಚೆಯವನೂ ಓದಲಾರದ ಕಾಗದ. ಫಿಶಿಂಗ್: ಗಾಳ, ಹುಳುವಿನ ಬದಲು ಅವಸರವನ್ನು ಚುಚ್ಚಿರುತ್ತಾರೆ. ಹೀಗೆ ಬರೆಯುತ್ತ ಬರೆಯುತ್ತ, ಮೋಸದ ಕರೆಯನ್ನು ಗುರುತಿಸುವುದು ಹೇಗೆಂಬ ಪುಟಕ್ಕೆ ಆ ಫೋನು ಮಾಡಿದ ರಾತ್ರಿ ಬಂದಾಗ ಅವಳ ಪೆನ್ನು ನಿಂತುಬಿಟ್ಟಿತ್ತು. ಪರಿಚಯವಿಲ್ಲದ ದನಿ, ಅವಸರ, ದೊಡ್ಡ ಕಚೇರಿಯ ಹೆಸರು, ಅಳು. ನಾಲ್ಕಕ್ಕೆ ನಾಲ್ಕೂ ತನ್ನವೇ. ಫೋನಿಟ್ಟ ಆ ಹೆಂಗಸೇ ಸರಿ, ತಾನೇ ತಪ್ಪು ದಾರಿಯಲ್ಲಿ ಹೋಗಿ ಬಾಗಿಲು ಬಡಿದಿದ್ದೇನೆ ಎನ್ನುವುದು ಆಗ ಹೊಳೆದಿತ್ತು.

ಮರುದಿನ ಬೆಳಗಿನ ರೈಲು ಹಿಡಿದು, ವಿಜಯವಾಡದಲ್ಲಿ ಇಳಿದು, ಬಸ್ಸಿನಲ್ಲಿ ಕೊಂಡಪಲ್ಲಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಎರಡು ಗಂಟೆ. ಕೋಟೇಶ್ವರಮ್ಮ ಹೇಳಿದ್ದು ಸುಳ್ಳಲ್ಲ, ಸೋಡಾ ಅಂಗಡಿಯವನೇ ದಾರಿ ತೋರಿಸಿದ. ತಗಡಿನ ಶೆಡ್ಡಿನ ಕೆಳಗೆ ಐದಾರು ಹೆಂಗಸರು ಚಾಪೆಯ ಮೇಲೆ ಕೂತು ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತಿದ್ದರು. ಎತ್ತಿನ ಗಾಡಿ, ತಾಳೆಮರ, ಅಂಬಾರಿ ಹೊತ್ತ ಆನೆ. ನಡುವೆ ಕೂತಿದ್ದ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು ಕುಂಚ ಕೆಳಗಿಡದೆಯೇ ಇವಳನ್ನು ಅಳೆದಳು. ಅವಳ ಹಿಂದಿನ ತಗಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ದೊಡ್ಡ ತೆಲುಗು ಅಕ್ಷರದಲ್ಲಿ ಬರೆದಿತ್ತು: ಯಾರಿಗೂ ಕೋಡು ಹೇಳಬಾರದು.

“ಬಂದೇಬಿಟ್ರಾ ಅಮ್ಮಗಾರೂ? ಮೋಸಗಾರರು ಮುಖ ತೋರಿಸೋದಿಲ್ಲ. ಅದೊಂದು ನಿಮ್ಮ ಕಡೆಗಿದೆ. ಕೂತ್ಕೊಳ್ಳಿ.”

ನೀರು ಕೊಟ್ಟರು. ಮಜ್ಜಿಗೆ ಕೊಟ್ಟರು. ಕೋಡು ಮಾತ್ರ ಇಲ್ಲ. ಕೋಟೇಶ್ವರಮ್ಮ ತನ್ನ ಕಥೆಯನ್ನೇ ಮೊದಲು ಹೇಳಿಕೊಂಡಳು. ಎರಡು ವರ್ಷದ ಹಿಂದೆ ಒಬ್ಬ ಬ್ಯಾಂಕಿನವನೆಂದು ಫೋನು ಮಾಡಿ, ಗೊಂಬೆಗಳಿಗೆ ದಿಲ್ಲಿಯಿಂದ ದೊಡ್ಡ ಆರ್ಡರಿನ ದುಡ್ಡು ಬಂದಿದೆ ಎಂದು ನಂಬಿಸಿ, ಕೋಡು ಹೇಳಿಸಿಕೊಂಡಿದ್ದ. ಆಮೇಲೆ ಅವಳದೇ ಹೆಸರು, ಅವಳದೇ ಫೋಟೋ ಇಟ್ಟುಕೊಂಡು ನೆಂಟರಿಷ್ಟರಿಗೆಲ್ಲ ಮೆಸೇಜು ಕಳಿಸಿ ಆಸ್ಪತ್ರೆಗೆಂದು ಸಹಾಯ ಬೇಡಿದ್ದ. ತಮ್ಮನ ಹೆಂಡತಿ ಈಗಲೂ ಮದುವೆಮನೆಗಳಲ್ಲಿ ಆ ಮಾತು ತೆಗೆದು ನಗುತ್ತಾಳಂತೆ. “ದುಡ್ಡು ಹೋದ್ರೆ ದುಡೀಬಹುದು. ನನ್ನ ಹೆಸರು ಹಾಕ್ಕೊಂಡು ಭಿಕ್ಷೆ ಎತ್ತಿದನಲ್ಲ,” ಎಂದು ಆನೆಯ ಹಣೆಗೆ ಒತ್ತಿ ಹಳದಿ ಬಳಿದಳು.

ಕಮಲಾಕ್ಷಿ ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆಯಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ಕಾರ್ಡು, ಫೋಟೋ, ಕಣ್ಣೀರು ಎಲ್ಲವನ್ನೂ ಈ ಹೆಂಗಸು ಕಂಡಾಗಿದೆ. ಇವಳಿಗೆ ಬೇಕಾದದ್ದು ಸಾಕ್ಷಿಯಲ್ಲ.

“ನನ್ನ ಬಾಗಿಲು ಹಾಗಿರಲಿ, ಮೊದಲು ನಿಮ್ಮದಕ್ಕೆ ಬೀಗ ಹಾಕೋಣ,” ಎಂದಳು. “ನಾನು ನಿಮ್ಮ ಫೋನು ಮುಟ್ಟೋದಿಲ್ಲ, ನೋಡೋದೂ ಇಲ್ಲ. ಈ ಕಡೆ ತಿರುಗಿ ಕೂತ್ಕೊಂಡು ಬಾಯಲ್ಲಿ ಹೇಳ್ತೀನಿ, ನೀವೇ ಒತ್ತಿ. ಇಷ್ಟವಾಗದಿದ್ರೆ ಬಿಡಿ, ಐದೂವರೆಗೆ ನನಗೆ ವಾಪಸು ರೈಲಿದೆ.”

ಹಾಗಂದು ನಿಜವಾಗಿಯೂ ತಿರುಗಿ, ಶೆಡ್ಡಿನ ಹೊರಗಿನ ಬೇವಿನ ಮರವನ್ನು ನೋಡುತ್ತ ಕೂತಳು. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಕಮಲಾಕ್ಷಿ ಮರಕ್ಕೇ ಪಾಠ ಹೇಳುವವಳಂತೆ ಶುರುಮಾಡಿದಳು. ಸೆಟ್ಟಿಂಗ್ಸ್ ತೆಗೆಯಿರಿ. ಖಾತೆಯ ಹೆಸರು ಒತ್ತಿ. ಭದ್ರತೆ ಅಂತ ಇರುತ್ತದೆ, ಬೀಗದ ಚಿತ್ರ. ಅದರ ಕೆಳಗೆ ನಿಮ್ಮ ಸಾಧನಗಳು ಅಂತ ಇದೆ. ಸಾಧನ ಅಂದರೆ ನಿಮ್ಮ ಖಾತೆ ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದುಕೊಂಡು ಕೂತಿದೆಯೋ ಆ ಪಟ್ಟಿ. ನಿಮ್ಮದು ಒಂದೇ ಫೋನಾದರೆ ಒಂದೇ ಹೆಸರಿರಬೇಕು.

ಹಿಂದೆ ಕುಂಚವೊಂದನ್ನು ಡಬ್ಬಿಯೊಳಗೆ ಹಾಕಿದ ಸದ್ದು ಕೇಳಿತು.

“ಎರಡಿದೆ,” ಎಂದಳು ಕೋಟೇಶ್ವರಮ್ಮ. ದನಿ ಇಳಿದಿತ್ತು. “ಒಂದು ನನ್ನ ಫೋನು. ಇನ್ನೊಂದು ಕಂಪ್ಯೂಟರ್ ಅಂತಿದೆ. ನಮ್ಮ ಮನೇಲಿ ಕಂಪ್ಯೂಟರ್ ಎಲ್ಲಿದೆಯಮ್ಮಾ?”

“ಎಂದಿನಿಂದ ಇದೆ ಅಂತ ತಾರೀಕು ತೋರಿಸುತ್ತೆ ನೋಡಿ.”

ಅವಳು ತಾರೀಕು ಓದಿದಳು. ಆ ಮೋಸಗಾರನ ಫೋನು ಬಂದ ವಾರದ್ದೇ. ಎರಡು ವರ್ಷದಿಂದ ಅವನು ಒಳಗೇ ಕೂತಿದ್ದ. ಅವಳ ಫೋಟೋ, ಅವಳ ಕಾಗದ, ಅವಳ ಗಿರಾಕಿಗಳ ವಿಳಾಸ ಎಲ್ಲವನ್ನೂ ನೋಡುತ್ತ. ಕಮಲಾಕ್ಷಿಗೆ ತಿರುಗಬೇಕೆನಿಸಿತು, ತಿರುಗಲಿಲ್ಲ. ಆ ಹೆಸರನ್ನು ಒತ್ತಿದರೆ ಸೈನ್ ಔಟ್ ಅಂತ ಬರುತ್ತದೆ, ಹೊರಗೆ ಹಾಕುವುದು ಅಂತ ಅರ್ಥ, ಎಂದಳು ಅಷ್ಟೇ.

“ನಡಿ ಆಚೆ,” ಎಂದಳು ಕೋಟೇಶ್ವರಮ್ಮ ಹಲ್ಲು ಕಚ್ಚಿ. ಒತ್ತಿದಳು. ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು. ಅದನ್ನು ಎಲ್ಲರಿಗೂ ತೋರಿಸಲು ಫೋನನ್ನು ಚಾಪೆಯ ಸುತ್ತ ಒಂದು ಸುತ್ತು ತಂದಳು, ಆರತಿ ತಟ್ಟೆ ತಂದಂತೆ. ಆಮೇಲೆ ಯಾರಿಗೂ ಕಾಣದ ಹಾಗೆ ಸೆರಗು ಮರೆಮಾಡಿ ಹೊಸ ಪಾಸ್‌ವರ್ಡ್ ಹಾಕಿಕೊಂಡಳು.

“ಈಗ ನಿಮ್ಮ ಮೊದಲನೇ ಕೀಲಿ ನಿಮ್ಮ ತಲೆಯೊಳಗಿದೆ,” ಎಂದಳು ಕಮಲಾಕ್ಷಿ. “ನನ್ನ ಮೊದಲನೇ ಕೀಲಿ ನನ್ನ ತಲೆಯೊಳಗಿದೆ. ನನ್ನ ಎರಡನೇ ಕೀಲಿ ಮಾತ್ರ ನಿಮ್ಮ ಫೋನಿಗೆ ಬರುತ್ತೆ. ಅದೊಂದನ್ನೇ ಇಟ್ಕೊಂಡು ನಾನು ನಿಮ್ಮ ಖಾತೆಗೆ ಬರಲಾರೆ, ನೀವು ನನ್ನ ಖಾತೆಗೆ ಬರಲಾರಿರಿ. ಬ್ಯಾಂಕಿನ ಹೆಸರಲ್ಲಿ ಮೆಸೇಜು ಬಂದ್ರೆ ಅಲ್ಲಿಗೇ ನಿಲ್ಲಿಸಿಬಿಡಿ.”

“ಕಳಿಸಿ ನೋಡೋಣ,” ಎಂದಳು ಕೋಟೇಶ್ವರಮ್ಮ.

ಕಮಲಾಕ್ಷಿ ತನ್ನ ಫೋನಿನಲ್ಲಿ ಪಾಸ್‌ವರ್ಡ್ ಹಾಕಿದಳು. ಹಿಂದೆ ಟಿಣ್ ಎಂದಿತು. ಕೋಟೇಶ್ವರಮ್ಮ ಮೆಸೇಜನ್ನು ತುಟಿಯಲ್ಲೇ ಓದಿಕೊಂಡಳು, ಮತ್ತೊಮ್ಮೆ ಓದಿದಳು, ಗೋಡೆಯ ಮೇಲಿನ ಕೆಂಪು ಅಕ್ಷರಗಳನ್ನು ನೋಡಿದಳು. ಉಳಿದ ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು. ಆ ಮಾತನ್ನು ಅವರಿಂದ ದಿನಾ ಹೇಳಿಸುತ್ತಿದ್ದವಳು ಅವಳೇ.

“ಬ್ಯಾಂಕಿನದಲ್ಲ. ಆದ್ರೂ ಹೇಳೋದಿಲ್ಲ ಅಂದಿದ್ದೀನಿ, ಹೇಳೋದಿಲ್ಲ,” ಎಂದಳು. ಆಮೇಲೆ ಕೈ ಚಾಚಿದಳು. “ನಿಮ್ಮ ಫೋನು ಇಲ್ಲಿ ಕೊಡಿ. ನಾನೇ ಒತ್ತುತ್ತೀನಿ. ನೀವು ಆ ಮರ ನೋಡ್ತಾ ಇರಿ.”

ಆರು ಸಲ ಬೆರಳು ಬಿತ್ತು. ಕಮಲಾಕ್ಷಿ ಒಂದೊಂದನ್ನೂ ಎಣಿಸಿದಳು. ಕೈಗೆ ವಾಪಸು ಬಂದ ಫೋನಿನ ತುಂಬ ಹಳದಿ ಬಣ್ಣದ ಬೆರಳಚ್ಚು, ಅದರ ಕೆಳಗೆ ಬಾಗಿಲು ತೆರೆದಿತ್ತು. ನೂರಾ ಅರವತ್ತಮೂರು ಹೆಸರುಗಳು, ಸಾಲಾಗಿ, ಒಂದೂ ತಪ್ಪದೆ. ಅವಳು ಜೋರಾಗಿ ನಕ್ಕಳು, ತನ್ನೂರಿನಲ್ಲಿ ನಗುತ್ತಿದ್ದ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿಯದೆ. ಕೂಡಲೇ ಹಳೆಯ ನಂಬರನ್ನು ತೆಗೆದು ಈಗಿನದನ್ನು ಹಾಕಿದಳು. ಫೋನು ಕಳೆದರೂ ಒಳಗೆ ಬರಲು ಖಾತೆ ಕೊಟ್ಟ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದುಕೊಂಡಳು. ಅಶ್ವತ್ಥನಿಗೆ ಮೆಸೇಜು ಕಳಿಸಿದಳು: ಆಕಿ ಕೋಡ್ ಹೇಳಲಿಲ್ಲ, ಖಾತೆ ಸಿಕ್ತು. ಅವನಿಂದ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಆಮೇಲೆ, ಬ್ಯಾಂಕಿನ್ಯಾಗ ಒಂದಿನ ಬಂದು ಇದನ್ನ ಮಂದಿಗೆ ತಿಳಿಸಿ ಹೇಳ್ತಿಯೇನು ಎಂದು ಬಂತು.

“ಅಷ್ಟು ದೂರದಿಂದ ಬಂದ್ರಲ್ಲ, ಒಳಗೇನಿದೆ ಕೇಳಿಸಿ,” ಎಂದಳು ಕೋಟೇಶ್ವರಮ್ಮ.

ಕಮಲಾಕ್ಷಿ ಮೊಟ್ಟಮೊದಲನೆಯದನ್ನೇ ಹಾಕಿದಳು. ಪಟಮಟದ ಪಕ್ಕದ ಮನೆಯ ಸೀತಾಮಹಾಲಕ್ಷ್ಮಿ, ಹದಿನಾರಕ್ಕೆ ಮದುವೆಯಾಗಿ ಬಂದವರು, ತೀರಿಕೊಂಡು ಮೂರು ವರ್ಷ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ, ಗೊಂಗೂರ ಸೊಪ್ಪಿನ ಚಟ್ನಿ ರುಬ್ಬಲು ಬಾರದೆ ಅತ್ತೆಗೆ ಹೆದರಿ ಒರಳಿನ ಮುಂದೆ ಅತ್ತದ್ದನ್ನು ಹೇಳುತ್ತಿದ್ದರು. ಅವರ ದನಿಯ ಹಿಂದೆ ಯಾರೋ ಪಾತ್ರೆ ಇಟ್ಟ ಸದ್ದು. ಕೋಟೇಶ್ವರಮ್ಮ ಎರಡೂ ಕೈ ಬೇಕಾಗಿ ಫೋನನ್ನು ಇನ್ನೂ ಬಣ್ಣ ಕಾಣದ ಆನೆಯೊಂದಕ್ಕೆ ಒರಗಿಸಿ ನಿಲ್ಲಿಸಿದಳು, ಕುಂಚವನ್ನು ಮತ್ತೆ ಹಳದಿಗೆ ಅದ್ದಿದಳು. ಸೀತಾಮಹಾಲಕ್ಷ್ಮಿ ಮಾತಿನ ನಡುವೆ ನಕ್ಕರು. ಚಾಪೆಯ ಮೇಲಿನ ಹೆಂಗಸರು ತಲೆ ಎತ್ತದೆ, ಗೊಂಬೆಗಳ ಕಣ್ಣು ಬರೆಯುತ್ತಲೇ, ಜೊತೆಗೆ ನಕ್ಕರು.