ಬಾಗಿಲ ಜಿನ್ನಿಗೆ ಒಡೆದ ಕಾಯಿ

ಗುಡ್ಡಪ್ಪನಂಥ ಮಿಸ್ತ್ರಿ ಹುಬ್ಬಳ್ಳಿಯಲ್ಲೇ ಇಲ್ಲ ಎಂದು ಜನ ಇವತ್ತಿಗೂ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಗುಡ್ಡಪ್ಪ ನಾನೇ. ೧೯೩೧ರಲ್ಲಿ ಒಂದು ಹತ್ತಿ ಗಿರಣಿಯಲ್ಲಿ ಯಂತ್ರ ರಿಪೇರಿಯ ಮಿಸ್ತ್ರಿಯಾಗಿದ್ದೆ. ಹತ್ತಿಯಿಂದ ಕಾಳು ಬಿಡಿಸುವ ಇಪ್ಪತ್ತು ಯಂತ್ರಗಳು; ಅವಕ್ಕೆ ಜಿನ್ನು ಅನ್ನುತ್ತಿದ್ದೆವು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ಕೂತು ಹತ್ತಿ ಉಣಿಸಬೇಕು. ಬಾಗಿಲ ಬಳಿಯ ಜಿನ್ನು ಮಾಳವ್ವನದು. ಗಂಡ ಸತ್ತ ಮೇಲೆ ಆ ಕೂಲಿಯಲ್ಲೇ ಮಗಳನ್ನು ಬೆಳೆಸಿ ಮದುವೆ ಮಾಡಿದವಳು.

ಅಮಾವಾಸ್ಯೆಗೆ ಗಿರಣಿ ಬಂದ್. ಆಳುಗಳ ಮೇಲಿನ ಮುಕಾದಮ ಮುರುಗೆಪ್ಪ ಎಲ್ಲ ಯಂತ್ರಗಳ ಪರವಾಗಿ ಬಾಗಿಲ ಜಿನ್ನಿಗೇ ಪೂಜೆ ಮಾಡಿ, ಅದರ ಕಬ್ಬಿಣದ ಹೆಗಲಿಗೆ ಕಾಯಿ ಒಡೆಯುತ್ತಿದ್ದ. ಆ ವರ್ಷ ಒಂದು ವಿಚಿತ್ರ ಶುರುವಾಯಿತು. ಪ್ರತಿ ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಆ ಜಿನ್ನು ಕಾದು, ಕಿರುಚಿ, ನಿಂತುಬಿಡುತ್ತಿತ್ತು. ನಾನು ಬೇರಿಂಗ್ ಬದಲಿಸಿದೆ. ಮುಂದಿನ ತಿಂಗಳು ಯಂತ್ರ ತಿರುಗಿಸುವ ಪಟ್ಟಾ ಬದಲಿಸಿದೆ. ಯಾಕೆ ಕೆಡುತ್ತದೆ ಎಂದು ಒಮ್ಮೆಯೂ ಕೂತು ಯೋಚಿಸಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವವನೇ ಮಿಸ್ತ್ರಿ ಅಂದುಕೊಂಡಿದ್ದೆ. ಮುರುಗೆಪ್ಪ ದೇವರು ಮುನಿದಿದ್ದಾನೆಂದು ಒಂದು ಕಾಯಿಯ ಜಾಗಕ್ಕೆ ಐದು ಒಡೆಯತೊಡಗಿದ. ಜಿನ್ನು ಇನ್ನೂ ಬೇಗ ನಿಲ್ಲತೊಡಗಿತು.

ಕೊನೆಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು.

"ಪೂಜಿ ಮಾಡಿದ ಜಿನ್ನಿಗೆ ಮರುದಿನ ಮೊದಲ ಕೈ ಹಚ್ಚಾಕಿ ಯಾರು? ಗಂಡ ಸತ್ತಾಕಿ," ಎಂದ ಮುರುಗೆಪ್ಪ.

ಮ್ಯಾನೇಜರ್ ಪಂಢರಿನಾಥರಾಯರು ತಲೆಯಾಡಿಸಿ ಅವಳನ್ನು ಕೆಲಸದಿಂದ ಬಿಡಿಸಿದರು. ಮಾಳವ್ವ ಬುತ್ತಿಗಂಟು ಎತ್ತಿಕೊಂಡು ಹೋದಳು.

ಅವತ್ತು ಸಂಜೆ ಬೇರಿಂಗ್ ಬಿಚ್ಚಿದಾಗ ಹುಳಿ ವಾಸನೆ ಹೊಡೆಯಿತು. ಎಣ್ಣೆ ಮಜ್ಜಿಗೆಯಂತೆ ಒಡೆದು, ಅದರಲ್ಲಿ ಹತ್ತಿಯ ಧೂಳು ಗಟ್ಟಿಯಾಗಿ ಕೂತಿತ್ತು, ನಡುವೆ ತೆಂಗಿನ ನಾರು. ಜಿನ್ನಿನ ಹೆಗಲ ಮೇಲೆ ಎಣ್ಣೆ ಹಾಕುವ ತೂತಿನ ಮುಚ್ಚಳ ಯಾವಾಗಲೋ ಬಿದ್ದುಹೋಗಿತ್ತು. ಮುಚ್ಚಳ ನೋಡಿಕೊಳ್ಳುವುದು ನನ್ನ ಕೆಲಸ. ಒಡೆದ ಕಾಯಿಯ ನೀರೆಲ್ಲ ಸೀದಾ ಒಳಗೆ ಇಳಿದಿತ್ತು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ, ಹೆದರಿದೆ. ದೇವರ ಕಾಯಿಯಿಂದ ಯಂತ್ರ ಕೆಟ್ಟಿತು ಅಂದರೆ ಮುರುಗೆಪ್ಪ ಬಿಟ್ಟಾನೆಯೇ? ಮೊದಲು ಜಿನ್ನು ಸರಿಯಾಗಲಿ, ಆಮೇಲೆ ಸಾವಕಾಶ ಹೇಳಿ ಅವಳನ್ನು ಕರೆಸೋಣ ಅಂದುಕೊಂಡೆ. ಹೊಸ ಮುಚ್ಚಳ ಹಾಕಿದೆ. ಮುಂದಿನ ಅಮಾವಾಸ್ಯೆಗೆ ಮುರುಗೆಪ್ಪನಿಗೆ ಉಪಾಯವಾಗಿ ಅಂದೆ: "ಕಾಯಿ ಹೊಸ್ತಿಲ ಕಲ್ಲಿಗೆ ಒಡೀರಿ, ಎಲ್ಲಾ ಜಿನ್ನಿಗೂ ಸಲ್ಲತೈತಿ." ಅವನು ಒಪ್ಪಿದ.

ಜಿನ್ನು ನಿಲ್ಲಲಿಲ್ಲ. ಅದರ ಮುಂದಿನ ತಿಂಗಳೂ ನಿಲ್ಲಲಿಲ್ಲ. ಗಿರಣಿಯಲ್ಲೆಲ್ಲ ಒಂದೇ ಮಾತು: ಆಕಿ ಹೋದಳು, ಜಿನ್ನು ಸುಧಾರಿಸಿತು. ನನ್ನ ರಿಪೇರಿಯೇ ಅವಳ ಮೇಲೆ ಸಾಕ್ಷಿ ಹೇಳಿತು.

ಮೂರನೇ ತಿಂಗಳು ರಾಯರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಶಾಂತವಾಗಿ ಕೇಳಿದರು.

"ಜಿನ್ನು ಛಲೋ ನಡದದ, ಗುಡ್ಡಪ್ಪ. ಈಗ ಕಾರಣ ಯಾರಿಗೆ ಬೇಕಾಗೇದ? ಆಕಿನ್ನ ತಿರುಗಿ ಕರದ್ರ, ಕಾಯಿಂದ ಕೆಟ್ಟಿತ್ತು ಅಂತ ನಾ ಎಲ್ಲಾರ ಮುಂದ ಹೇಳಬೇಕಾಗತದ. ಅದು ನನ್ನಿಂದ ಆಗೂದಿಲ್ಲ."

ಅಲ್ಲಿಂದ ನೇರ ಮಾಳವ್ವನ ಮನೆಗೆ ಹೋದೆ. ಅವಳು ಚಾಪೆ ಹಾಸಿ ನೀರು ಕೊಟ್ಟಳು.

"ಅಣ್ಣಾರ, ನಾ ಬಿಟ್ಟ ಮ್ಯಾಲ ಜಿನ್ನು ಒಂದಿನಾನೂ ನಿಂತಿಲ್ಲಂತಲ್ರಿ, ಖರೇ ಏನು?"

"ಖರೇ. ಆದ್ರ ಅದು ನಿನ್ನಿಂದ ಅಲ್ಲ," ಎಂದು ಮುಚ್ಚಳ, ಕಾಯಿ ನೀರು, ನನ್ನ ಹೆದರಿಕೆ ಎಲ್ಲ ಹೇಳಿದೆ.

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕುತ್ತಿದ್ದೆ.

"ನನ್ನ ಸಮಾಧಾನಕ್ಕ ದೇವರ ಕಾಯಿ ಮ್ಯಾಲ ತಪ್ಪು ಹಾಕಬ್ಯಾಡ್ರಿ, ಅಣ್ಣಾರ. ಮೊನ್ನಿ ಬಸರಿ ಮಗಳಿಗೆ ಕುಬಸ ಮಾಡೂ ಶಾಸ್ತ್ರ ಇತ್ತು. ನನ್ನಿಂದ ಹೊಟ್ಟ್ಯಾಗಿನ ಕೂಸಿಗೆ ಏನರ ಆದೀತು ಅಂತ ಹಿತ್ತಲದಾಗ ಹೋಗಿ ಕುಂತೆ. ಯಾರೂ ಹೋಗು ಅನ್ನಲಿಲ್ಲರಿ, ನಾನ ಹ್ವಾದೆ."